ಹಳದಿ ಹಡಗುಗಳು ಬಂದ ಭಾನುವಾರ

"ಬಂದ್ವು," ಎಂದಳು ನನ್ನ ತಂಗಿ.

ಅವಳ ದನಿ ಏರಲಿಲ್ಲ. ಉಳಿದ ಮೂವರು ಆಗಷ್ಟೇ ಊಟ ಮುಗಿಸಿ ಮೇಲೆ ಬಂದು ಕೂತಿದ್ದೆವು. ಕೈಮಾ ಉಂಡೆ ಸಾರಿನ ವಾಸನೆ ಇನ್ನೂ ಬೆರಳುಗಳಲ್ಲಿತ್ತು. ಅವಳ ಪರದೆಯ ಮೂಲೆಯಲ್ಲಿ, ನಕಾಶೆ ಮುಗಿದು ಬರಿ ಕಪ್ಪು ಶುರುವಾಗುವ ಕಡೆ, ಹಳದಿ ಚುಕ್ಕೆಗಳು ಒಂದರ ಹಿಂದೊಂದು ಹುಟ್ಟುತ್ತಿದ್ದವು. ಈಗ ನಿಲ್ಲುತ್ತವೆ, ಈಗ ನಿಲ್ಲುತ್ತವೆ ಎಂದು ಕಾದೆ. ನಿಲ್ಲಲಿಲ್ಲ. ಅದು ಆಟ ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಆದರೂ ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತಾಗ, ಹಲ್ಲುಜ್ಜುವಾಗ, ಆಫೀಸಿನಲ್ಲಿ ಯಾರದೋ ತೆರಿಗೆ ಲೆಕ್ಕ ತುಂಬುವಾಗ ಆ ಚುಕ್ಕೆಗಳು ಮತ್ತೆ ಹುಟ್ಟತೊಡಗುತ್ತವೆ. ನನ್ನ ಎಡಗೈ ತಾನಾಗಿ ಇಲ್ಲದ ಕೀಬೋರ್ಡಿನ ಕೀಲಿಗಳನ್ನು ತಡಕುತ್ತದೆ.

ತಂಗಿ ಎಂದರೆ ಚಿಕ್ಕಪ್ಪನ ಮಗಳು. ಅಟ್ಟೂರಿನ ಹಳೇ ಬೀದಿಯಲ್ಲಿ ಅಜ್ಜನ ಹೆಂಚಿನ ಮನೆ ಕೆಡವಿ ಎಬ್ಬಿಸಿದ ಕಟ್ಟಡದಲ್ಲಿ ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ ಒಂದೊಂದು ಮಹಡಿಯಲ್ಲಿದ್ದರು. ನೆಲಮಹಡಿ ಒಂದು ಬೇಕರಿಗೆ ಬಾಡಿಗೆ. ಒಂದೇ ಮೆಟ್ಟಿಲು ಹತ್ತಿಳಿದು ಬೆಳೆದ ನಮಗೆ ಯಾರ ಮಗಳು ಯಾರು ಎಂಬುದು ರೇಷನ್ ಕಾರ್ಡಿನಲ್ಲಷ್ಟೇ ಬೇರೆ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಶೀಟು ಹೊದಿಸಿದ ಒಂದು ರೂಮಿತ್ತು. ಅಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ನಾಲ್ಕನ್ನೂ ತಂದವನು ದೊಡ್ಡಣ್ಣ, ದೊಡ್ಡಪ್ಪನ ಮಗ. ಅವನದು ಜಲ್ಲಿ, ಮರಳು, ಸಿಮೆಂಟಿನ ವ್ಯಾಪಾರ. ಯಾವುದೋ ಆಫೀಸು ಖಾಲಿ ಮಾಡುವಾಗ ಹಳೆಯ ಡಬ್ಬಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, "ತಗೊಳ್ರೋ, ಆಡ್ಕೊಳ್ಳಿ" ಎಂದು ಇಳಿಸಿದ್ದ. ಅವನ ಕೈ ಯಾವಾಗಲೂ ದೊಡ್ಡದು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಹೇಳುವ ಮನಸ್ಸು ನನಗೆ ಬಾರದೆ ಹೋಗಬಹುದು.

ನಾಲ್ಕನೆಯವನು ನಮ್ಮ ಅತ್ತೆಯ ಮಗ. ಯಶವಂತಪುರದಿಂದ ಪ್ರತಿ ಭಾನುವಾರ ಬೈಕಿನಲ್ಲಿ ಬರುತ್ತಿದ್ದ. ನಾನೂ ತಂಗಿಯೂ ಅವನನ್ನು ಭಾವ ಎನ್ನುತ್ತಿದ್ದೆವು. ಆಟವನ್ನು ತಂದವನು ಅವನೇ.

ಆಟದಲ್ಲಿ ಪ್ರತಿಯೊಬ್ಬರಿಗೂ ಒಂದು ನಕ್ಷತ್ರ, ಅದರ ಸುತ್ತ ಒಂದು ರಾಜಧಾನಿ ಗ್ರಹ. ಅಲ್ಲಿಂದ ಹಡಗು ಕಟ್ಟಿ ಪಕ್ಕದ ನಕ್ಷತ್ರಗಳಿಗೆ ಹೋಗಿ ಊರು ಮಾಡಬೇಕು. ನಕ್ಷತ್ರದಿಂದ ನಕ್ಷತ್ರಕ್ಕೆ ಎಲ್ಲೆಂದರಲ್ಲಿ ಹಾರುವಂತಿಲ್ಲ, ಗೆರೆ ಎಳೆದ ದಾರಿಗಳಿವೆ. ನಾವು ನಾಲ್ವರೂ ಒಂದು ಕಡೆ, ಕಂಪ್ಯೂಟರ್ ಆಡಿಸುವ ರಾಜ್ಯಗಳು ಇನ್ನೊಂದು ಕಡೆ. ರಾಜಧಾನಿ ಬಿದ್ದವರು ಆಟದಿಂದ ಹೊರಗೆ. ಒಮ್ಮೆ ಶುರು ಮಾಡಿದ ನಕಾಶೆಯನ್ನು ಮುಗಿಯುವತನಕ ಬಿಡಬಾರದು, ಬಿದ್ದವರು ಮುಂದಿನ ಆಟದವರೆಗೆ ಕಾಯಬೇಕು ಎಂದು ನಾವೇ ಮಾತಾಡಿಕೊಂಡಿದ್ದೆವು. ನಮ್ಮ ನಕಾಶೆ 2011ರ ಮಳೆಗಾಲದಲ್ಲಿ ಶುರುವಾದದ್ದು ಮುಂದಿನ ಬೇಸಿಗೆ ಬಂದರೂ ಅರ್ಧ ದಾಟಿರಲಿಲ್ಲ.

ಶುರುವಿನಲ್ಲಿ ಆಟ ಒಂದು ಪ್ರಶ್ನೆ ಕೇಳಿತ್ತು: ಯಾರ ಕಡೆಗೂ ಸೇರದ, ಎಲ್ಲಿ ಯಾವಾಗ ಬರುತ್ತಾರೆಂದು ಹೇಳಲಾಗದ ಬಲಶಾಲಿ ಶತ್ರುಗಳು ಬೇಕೇ?

"ಇರ್ಲಿ ಮಗಾ," ಎಂದಿದ್ದ ಭಾವ. "ಇಲ್ದಿದ್ರೆ ಲೂಡೋ ಆಡ್ದಂಗಿರುತ್ತೆ."

ಅವಕ್ಕೆ ಆಟದಲ್ಲಿ ಏನೋ ಉದ್ದದ ಹೆಸರಿತ್ತು. ನಾವು ಹಳದಿಗಳು ಎನ್ನುತ್ತಿದ್ದೆವು. ಮೊದಲ ಸಲ ಬಂದಾಗ ಭಾವನ ಎರಡು ಗ್ರಹಗಳನ್ನು ನುಂಗಿ, ಏನೂ ಆಗಿಲ್ಲವೆಂಬಂತೆ ಕಪ್ಪಿನೊಳಗೆ ಹೋಗಿಬಿಟ್ಟವು. ನಮ್ಮಲ್ಲಿ ಯಾರೊಬ್ಬರ ಪಡೆಯೂ ಅವುಗಳ ಮುಂದೆ ನಿಲ್ಲುವಂತಿರಲಿಲ್ಲ. ಭಾವ ತನಗಿದ್ದ ಹಡಗುಗಳನ್ನೆಲ್ಲ ಬಯಲಿಗೆ ನುಗ್ಗಿಸಿ, ಕುಡಿಯಲು ತಂದ ಟೀ ಆರುವುದರೊಳಗೆ ಅಷ್ಟನ್ನೂ ಕಳೆದುಕೊಂಡಿದ್ದ.

ಆಮೇಲೆ ತಂಗಿ ದಾರಿ ಕಂಡುಹಿಡಿದಳು. ಎಂ.ಎಸ್ಸಿ. ಓದುತ್ತಿದ್ದ ಹುಡುಗಿ, ಲ್ಯಾಬಿನಲ್ಲಿ ಬುರೆಟ್ಟಿನ ಹನಿ ನೋಡುವ ತಾಳ್ಮೆಯಿಂದ ಅವುಗಳ ಚಲನೆ ನೋಡಿದ್ದಳು. "ಅವು ಬರೋ ಜಾಗ ಗೊತ್ತಾಗಲ್ಲ, ಆದ್ರೆ ಬಂದ್ಮೇಲೆ ನಮ್ ಥರಾನೇ ದಾರಿ ಹಿಡ್ಕೊಂಡೇ ಬರ್ಬೇಕು. ಬಯಲಲ್ಲಿ ಎದುರಾಗ್ಬಾರ್ದು. ನಮ್ಮೂರಿಗೆ ಬರೋ ಕೊನೇ ನಕ್ಷತ್ರದಲ್ಲಿ ಕೋಟೆ ಕಟ್ಟಿ, ಸುತ್ತ ಬಾಂಬು ಹಾಕಿ, ಸಿಕ್ಕಾಕ್ಕೊಳ್ಳೋವರೆಗೂ ಸುಮ್ನಿರ್ಬೇಕು. ಸಿಕ್ಕಾಕ್ಕೊಂಡಾಗ ಅವು ಕೋಟೆ ಕಡೆ ತಿರುಗ್ತವೆ, ಬೆನ್ನು ತೋರಿಸ್ತವೆ. ಆಗ ಎಲ್ಲರ ಹಡಗೂ ಒಟ್ಟಿಗೆ ಹಿಂದಿನಿಂದ ಬೀಳ್ಬೇಕು. ಒಬ್ರು ಬಂದ್ರೆ ಆಗಲ್ಲ."

ಎರಡನೆಯ ಸಲ ಹಳದಿಗಳು ಮತ್ತೆ ಭಾವನ ಕಡೆಯೇ ಬಂದವು. ಅವಳು ಹೇಳಿದಂತೆ ಮಾಡಿದೆವು. ಅವು ಬಾಂಬಿನ ಹೊಲದಲ್ಲಿ ಸಿಕ್ಕಿಕೊಂಡವು, ಬೆನ್ನು ತೋರಿಸಿದವು, ನಾಲ್ಕು ಬಣ್ಣದ ಹಡಗುಗಳು ಒಟ್ಟಿಗೆ ಮೇಲೆ ಬಿದ್ದವು. ಮುಂದೆ ಹೋದ ಅವಳ ಹಡಗುಗಳೇ ಹೆಚ್ಚು ಸುಟ್ಟುಹೋದವು. ಭಾವನ ರಾಜಧಾನಿ ಉಳಿಯಿತು. ದೊಡ್ಡಣ್ಣ ಕುರ್ಚಿಯಿಂದೆದ್ದು ಅವಳ ತಲೆ ಅಲ್ಲಾಡಿಸಿ, "ಏನ್ ತಲೇನೇ ನಿಂದು! ಗಂಡಾಗಿ ಹುಟ್ಟಿದ್ರೆ ನನ್ನ ವ್ಯಾಪಾರಕ್ಕೇ ಹಾಕ್ಕೊಂತಿದ್ದೆ" ಎಂದ. ಎಲ್ಲರೂ ನಕ್ಕೆವು. ಅವಳೂ ನಕ್ಕಳು.

ಆ ಗೆಲುವಾದ ಮೇಲೆ ಹಡಗುಗಳನ್ನು ಒಟ್ಟುಗೂಡಿಸಿ ಒಂದೇ ಪಡೆ ಮಾಡಿಬಿಡೋಣ ಎಂಬ ಮಾತು ಬಂತು. ಆಟದಲ್ಲಿ ಅದಕ್ಕೆ ಅವಕಾಶವಿತ್ತು. ಎಲ್ಲರೂ ಹಡಗು ಕೊಡುವುದು, ಒಬ್ಬ ನಾಯಕ ನಡೆಸುವುದು. ನಾಯಕ ಸರಿಯಿಲ್ಲ ಅನ್ನಿಸಿದರೆ ನಾಲ್ವರಲ್ಲಿ ಮೂವರು ಒಂದು ಗುಂಡಿ ಒತ್ತಿದರೆ ಸಾಕು, ಬೇರೆಯವರಿಗೆ ಹೋಗುತ್ತದೆ. ಯಾರು ನಾಯಕ ಎಂದು ನಾವು ಮಾತಾಡಲೇ ಇಲ್ಲ. ಮನೆಯಲ್ಲಿ ಮೊದಲ ಎಲೆ ದೊಡ್ಡವರದು, ಲಗ್ನಪತ್ರಿಕೆಯಲ್ಲಿ ಮೊದಲ ಹೆಸರು ದೊಡ್ಡವರದು, ಊರ ನ್ಯಾಯದಲ್ಲಿ ಮೊದಲ ಮಾತು ದೊಡ್ಡವರದು. ಅವಳಿಗಿಂತ, ನನಗಿಂತ, ಭಾವನಿಗಿಂತ ಕೆಟ್ಟದಾಗಿ ಆಡುತ್ತಿದ್ದ ದೊಡ್ಡಣ್ಣನ ಕೈಗೆ ಎಲ್ಲರ ಹಡಗೂ ಹೋದವು. ಅದು ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ. ಅವನಿಗಂತೂ ಇಲ್ಲವೇ ಇಲ್ಲ. ಅವನು ಪಡೆಯನ್ನು ತನ್ನ ನಕ್ಷತ್ರದ ಮುಂದೆ ಸಾಲಾಗಿ ನಿಲ್ಲಿಸಿ, ಲಾರಿ ತೊಳೆಸಿ ನಿಲ್ಲಿಸಿದವನಂತೆ ನೋಡುತ್ತಿದ್ದ.

ಆ ಬೇಸಿಗೆಯಲ್ಲಿ ತಂಗಿಗೆ ಮದುವೆ ಗೊತ್ತಾಯಿತು. ಚಿಕ್ಕಬಾಣಾವರದ ಹುಡುಗ, ಮೇಷ್ಟ್ರು, ಒಳ್ಳೆಯವನು. ಅವಳಿಗೂ ಒಪ್ಪಿಗೆ. ನಿಶ್ಚಿತಾರ್ಥದ ದಿನ ರೇಷ್ಮೆ ಸೀರೆಯಲ್ಲೇ ತಾರಸಿಗೆ ಹತ್ತಿ ಬಂದು, ನಮ್ಮ ಮೂವರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೋಡ್ರಪ್ಪಾ, ಅವ್ರಿಗೆ ಹೇಳಿದೀನಿ. ಭಾನುವಾರ ಮಧ್ಯಾಹ್ನ ನಾನು ಇಲ್ಲಿಗೆ ಬರೋಳೇ. ಅವ್ರು ನಕ್ಕೊಂಡು ಹೂಂ ಅಂದ್ರು. ನನ್ ಕುರ್ಚಿ ಯಾರಾದ್ರೂ ಮುಟ್ಟಿದ್ರೆ ಕಾಲು ಮುರೀತೀನಿ."

"ನಿನ್ ರಾಜ್ಯ ಇದ್ರೆ ತಾನೇ ಕುರ್ಚಿ?" ಎಂದ ಭಾವ.

"ಇರುತ್ತೆ ಭಾವ. ನಿಮ್ದು ಉಳಿಸ್ದೋಳಿಗೆ ನಂದು ಉಳಿಸ್ಕೊಳ್ಳೋಕೆ ಬರಲ್ವಾ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ಮದುವೆಯ ಸೀರೆ, ಛತ್ರ, ಬಾಡಿಗೆ ಪಾತ್ರೆ ಎಂದು ಮನೆಯವರೆಲ್ಲ ಓಡಾಡುತ್ತಿದ್ದಾಗ ಅವಳು ನನ್ನನ್ನು ಕೇಳಿದ್ದು ಅದೊಂದನ್ನೇ. "ನಕಾಶೆ ಮುಗಿಯೋವರೆಗೂ ಈ ಮನೆಗೆ ನಾನು ನೆಂಟ್ರ ಥರ ಬರ್ಬೇಕಾಗಿಲ್ಲ ಅಲ್ವಾ ಅಣ್ಣ? ಸೀದಾ ಮೇಲೆ ಹತ್ತಿ ಬರ್ಬೋದು." ಕೆಳಗೆ ಕೂರಿಸಿ, ಕಾಫಿ ಕೊಟ್ಟು, ಹೊರಡುವಾಗ ಕುಂಕುಮವಿಟ್ಟು ಕಳಿಸುವ ಹೆಣ್ಣುಮಕ್ಕಳನ್ನು ಆ ಮೆಟ್ಟಿಲ ಮೇಲೆ ಇಬ್ಬರೂ ಬೇಕಾದಷ್ಟು ನೋಡಿದ್ದೆವು. ಹೌದು, ಸೀದಾ ಹತ್ತಿ ಬಾ ಎಂದೆ.

ಹಳದಿಗಳು ಮೂರನೆಯ ಸಲ ಬಂದದ್ದು ಮದುವೆಗೆ ಒಂದು ತಿಂಗಳಿದ್ದಾಗ. ಈ ಸಲ ಅವಳ ಕಡೆ.

ನಾವು ಮೂವರೂ ಎದ್ದು ಅವಳ ಪರದೆಯ ಸುತ್ತ ನಿಂತೆವು. ಹಿಂದೆಂದಿಗಿಂತ ದೊಡ್ಡ ಗುಂಪು. ಮೇಲಿನ ಶೀಟು ಕಾದು ಟಿಕ್ ಟಿಕ್ ಎನ್ನುತ್ತಿತ್ತು, ಏರ್‌ಫೋರ್ಸಿನ ವಿಮಾನವೊಂದು ಯಲಹಂಕದ ಮೇಲೆ ಸುತ್ತು ಹೊಡೆದು ಹೋಯಿತು. ಅವಳು ಆಗಲೇ ಸಣ್ಣ ಹಡಗುಗಳನ್ನು ಹಿಂದಕ್ಕೆಳೆದು, ಕೊನೆಯ ನಕ್ಷತ್ರದ ಕೋಟೆಗೆ ಇದ್ದಬದ್ದ ಸಾಮಾನು ತುಂಬುತ್ತಿದ್ದಳು.

"ಸಮಯ ಇದೆ," ಎಂದಳು. "ದೊಡ್ಡಣ್ಣ, ಪಡೆ ಹೊರಡಿಸು. ಅವು ಬಾಂಬಿಗೆ ಸಿಕ್ಕಾಕ್ಕೊಳ್ಳೋ ಹೊತ್ತಿಗೆ ಸರಿಯಾಗಿ ಬರುತ್ತೆ."

ದೊಡ್ಡಣ್ಣ ತನ್ನ ಕುರ್ಚಿಗೆ ಹೋಗಿ ಕೂತ. ಮೌಸ್ ಹಿಡಿದ. ಆಮೇಲೆ, "ಇದೇನಿದು, ಏನೋ ಬಂದೈತೆ ನೋಡ್ರಿಲ್ಲಿ," ಎಂದ.

ನಾಯಕನ ಪರದೆಗೆ ಮಾತ್ರ ಬರುವ ಒಂದು ಸಂದೇಶ. ಭಾವ ಬಗ್ಗಿ ಇಂಗ್ಲಿಷಿನಲ್ಲಿದ್ದುದನ್ನು ಓದಿ ಹೇಳಿದ: ಒಂದು ರಾಜಧಾನಿ ಬಿಟ್ಟುಕೊಡಿ, ಮಿಕ್ಕವರ ತಂಟೆಗೆ ನಾವು ಬರುವುದಿಲ್ಲ. ಕೆಳಗೆ ಎರಡು ಗುಂಡಿ. ಒಪ್ಪಿದೆ, ಒಪ್ಪಲಾರೆ.

"ಇದು ಹೊಸ್ದು," ಎಂದ ಭಾವ.

"ಒಪ್ಪಲ್ಲ ಅಂತ ಒತ್ತು, ಪಡೆ ಕಳ್ಸು," ಎಂದಳು ತಂಗಿ, ತನ್ನ ಪರದೆಯಿಂದ ಕಣ್ಣು ತೆಗೆಯದೆ.

ದೊಡ್ಡಣ್ಣ ಗಲ್ಲ ಕೆರೆದುಕೊಂಡ. ಬೈಕಿನ ಕೀಲಿಯಿಂದ ಕಿವಿ ಕೆರೆದುಕೊಂಡ. "ಅಲ್ಲ ಕಣೇ, ಯೋಚ್ನೆ ಮಾಡು. ಇಷ್ಟು ದಿನ ಕಷ್ಟಪಟ್ಟು ಕಟ್ಟಿರೋ ಪಡೆ. ಸೋತ್ರೆ ಎಲ್ಲಾ ಓಯ್ತದೆ. ನಾವು ಮೂರು ಜನಾನೂ ಬರಿಗೈ."

"ಹೋಗಲ್ಲ. ಹೋದ ಸಲ ಹೋಯ್ತಾ?"

"ಓದ್ ಸಲ ಇಷ್ಟು ಇರ್ಲಿಲ್ಲ. ಈಗ್ ನೋಡು, ಅವ್ರೇ ಕೇಳ್ತಾವ್ರೆ. ಒಂದು ಕೊಟ್ರೆ ಮುಗೀತು. ನೀನ್ ಎಂಗೂ ಮುಂದಿನ್ ತಿಂಗಳು ಓಗೋಳು."

ಅವಳ ಕೈ ನಿಂತಿತು. ಅಷ್ಟು ಹೊತ್ತಿನಲ್ಲಿ ಅದೊಂದೇ ಸಲ.

"ಚಿಕ್ಕಬಾಣಾವರ ಎಷ್ಟು ದೂರ ದೊಡ್ಡಣ್ಣ?"

"ದೂರದ ಮಾತಲ್ಲ ಕಣೇ. ಸಂಸಾರ, ಅತ್ತೆ ಮಾವ, ಆಮೇಲೆ ಮಗೂ ಗಿಗೂ. ಎಲ್ ಬತ್ತೀಯ ನೀನು? ಬರಲ್ಲ. ಬರ್ದೇ ಇರೋಳ ರಾಜ್ಯ ಕಾಯಕ್ಕೆ ಇರೋರೆಲ್ಲಾ ಸಾಯ್ಬೇಕಾ?"

ಅವನ ದನಿಯಲ್ಲಿ ಒರಟುತನ ಇರಲಿಲ್ಲ ಎಂಬುದೇ ನನ್ನನ್ನು ಇವತ್ತಿಗೂ ಕಾಡುತ್ತದೆ. ಯಾವ ಲೋಡು ಯಾವ ಸೈಟಿಗೆ ಎಂದು ಡ್ರೈವರಿಗೆ ಹೇಳುವಂತೆ, ತಾಳ್ಮೆಯಿಂದ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹೇಳಿದ. ಹೇಳಿ, ಒಪ್ಪಿದೆ ಎಂಬುದನ್ನು ಒತ್ತಿದ. ಯಾರ ರಾಜಧಾನಿ ಎಂದು ಆಟ ಕೇಳಿತು. ಅವಳ ಬಣ್ಣದ ಮೇಲೆ ಒತ್ತಿದ.

"ಅಣ್ಣ," ಎಂದಳು ಅವಳು ನನ್ನ ಕಡೆ ತಿರುಗಿ. "ನಾಯಕನ್ನ ಬದಲಾಯ್ಸೋ ಗುಂಡಿ ಒತ್ತು."

ಒತ್ತಿದೆ. ಅವಳೂ ಒತ್ತಿದಳು. ಇನ್ನೊಂದು ಬೇಕು. ಇಬ್ಬರೂ ಭಾವನ ಕಡೆ ನೋಡಿದೆವು. ಭಾವ ತನ್ನ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾನು ನಿಮ್ಮನೆ ವಿಷಯಕ್ಕೆ ಬರಲ್ಲ ಗುರು."

"ಮನೆ ವಿಷಯ ಎಲ್ಲಿಂದ ಬಂತು ಭಾವ? ಇದು ಆಟ," ಎಂದೆ.

"ಆಟ ಅಂತೀಯ. ನಾಳೆ ನಮ್ಮಮ್ಮ ಮದುವೆ ಕೆಲಸಕ್ಕೆ ಅಂತ ಇಲ್ಲಿಗೆ ಬಂದಾಗ ದೊಡ್ಡ ಮಾವ ಮುಖ ತಿರುಗಿಸಿದ್ರೆ? ನಿಮ್ಮಣ್ಣನ ಮೇಲೆ ನಿಮ್ಮಗಳ ಸಿಟ್ಟು, ನಾನ್ಯಾಕೆ ಮಧ್ಯ? ನಾನು ಹೊರಗಿನೋನು."

"ಹೋದ ಸಲ ನಿಮ್ ರಾಜ್ಯ ಉಳೀವಾಗ ಒಳಗಿನೋರಾಗಿದ್ರಿ," ಎಂದಳು ತಂಗಿ. "ಏನ್ ಭಾವ, ನಿಮಗೆ ಹೆಣ್ಣು ಕೊಡ್ಲಿಲ್ಲ ಅಂತ ಸಿಟ್ಟಾ?"

"ಏಯ್, ಅದೆಲ್ಲಾ ಏನೂ ಇಲ್ಲ," ಎಂದು ಅವನು ಕೆಂಪಾಗಿ ನಕ್ಕ. ಗುಂಡಿ ಒತ್ತಲಿಲ್ಲ.

ಅಷ್ಟರಲ್ಲಿ ದೊಡ್ಡಣ್ಣನ ಪರದೆಯಲ್ಲಿ ಆಟ ತಿಳಿಸಿತ್ತು: ನಿಮ್ಮ ನಾಯಕತ್ವಕ್ಕೆ ಇಬ್ಬರ ವಿರೋಧವಿದೆ. ಅವನು ಅದನ್ನು ತುಂಬ ಹೊತ್ತು ನೋಡಿದ. ಹಡಗು, ಗ್ರಹ, ಹಳದಿ ಯಾವುದಕ್ಕೂ ಆಗದಷ್ಟು ಅವನ ಮುಖ ಸಣ್ಣಗಾಯಿತು.

"ನನ್ ಮೇಲೆ ಓಟಾ?" ಎಂದ. "ನನ್ ಮೇಲೆ?"

ಹಳದಿಗಳು ಕೋಟೆಯ ನಕ್ಷತ್ರಕ್ಕೆ ಬಂದವು.

ಅವಳು ಹೋರಾಡಿದ್ದನ್ನು ನಾನು ತೀರ ಹತ್ತಿರದಿಂದ ನೋಡಿದೆ. ಪಡೆಗೆ ಕೊಟ್ಟು ನನ್ನ ಬಳಿ ಉಳಿದಿದ್ದ ಕೆಲವು ಹಳೆಯ ಹಡಗುಗಳನ್ನು ಅವಳ ಕಡೆ ಓಡಿಸಿದೆ. ಅವಳು ಪಕ್ಕದ ಕುರ್ಚಿಯಿಂದ ಮೆಲ್ಲಗೆ ಹೇಳುತ್ತ ಹೋದಳು: "ಎಡಕ್ಕೆ ಅಣ್ಣ. ಇನ್ನೂ ಎಡಕ್ಕೆ. ಹೊಡೀಬೇಡ, ಅವು ಪೂರ್ತಿ ಒಳಗೆ ಬರ್ಲಿ." ಸಾಮಾನು ಸಾಗಿಸುವ ಹಡಗುಗಳಿಗೆ ಜನರನ್ನು ತುಂಬಿ ನನ್ನ ಗ್ರಹಕ್ಕೆ ಕಳಿಸಿದಳು. ಪರದೆಯ ಮೇಲೆ ಜನ ಅಂದರೆ ಒಂದು ಅಂಕಿ ಅಷ್ಟೇ. ಅವಳ ಕಡೆ ಇಳಿಯುತ್ತಿತ್ತು, ನನ್ನ ಕಡೆ ಏರುತ್ತಿತ್ತು. ಹಳದಿಗಳು ಬಾಂಬಿನ ಹೊಲಕ್ಕೆ ಕಾಲಿಟ್ಟವು. ಮುಂದಿನವು ಸಿಡಿದವು, ಹಿಂದಿನವು ಒಂದರ ಮೇಲೊಂದು ಬಂದು ಗಂಟಾದವು. ಇಡೀ ಗುಂಪು ಕೋಟೆಯ ಕಡೆ ತಿರುಗಿತು. ಬೆನ್ನು ತೋರಿಸಿತು.

ನಮ್ಮ ಪಡೆ ಒಂದೇ ಒಂದು ದಾರಿಯಾಚೆ ಇತ್ತು. ನನ್ನ ಪರದೆಯಲ್ಲೂ ಅದು ಕಾಣುತ್ತಿತ್ತು, ದೊಡ್ಡಣ್ಣನ ನಕ್ಷತ್ರದ ಮುಂದೆ ಸಾಲಾಗಿ, ತೊಳೆದಿಟ್ಟಂತೆ. ಅದರಲ್ಲಿ ಅರ್ಧ ಅವಳು ಕಟ್ಟಿಸಿಕೊಟ್ಟದ್ದು.

"ದೊಡ್ಡಣ್ಣ, ಈಗ," ಎಂದಳು. "ಈಗ ಬಂದ್ರೂ ಸಾಕು."

"ಮಾತು ಕೊಟ್ಟಾಯ್ತಲ್ಲಾ."

"ಯಾರಿಗೆ?"

"ಅವ್ರಿಗೆ. ಒಪ್ಪಿದೆ ಅಂತ ಒತ್ತಿಲ್ವಾ ನಾನು?"

"ಅದು ಕಂಪ್ಯೂಟ್ರು ದೊಡ್ಡಣ್ಣ!"

"ಯಾರಾದ್ರೇನು? ಕೊಟ್ಟ್ ಮಾತು ಕೊಟ್ಟಿದ್ದೇ. ಅಡ್ವಾನ್ಸ್ ಇಸ್ಕೊಂಡು ಲೋಡ್ ಕೊಡ್ದೆ ಇರೋನಲ್ಲ ನಾನು. ಇಷ್ಟ್ ವರ್ಷ ವ್ಯಾಪಾರ ಮಾಡಿದೀನಿ, ಒಬ್ರು ನನ್ ಕಡೆ ಬೆರಳು ತೋರ್ಸಿಲ್ಲ."

ನಾನು ಸಿಟ್ಟಿನಿಂದ ಏನೇನೋ ಅಂದೆ. ಅವನ ಕೈಯಿಂದ ಮೌಸ್ ಕಿತ್ತುಕೊಳ್ಳಲು ಎದ್ದೆ ಕೂಡ. ತಂಗಿಯೇ ನನ್ನ ಅಂಗಿ ಹಿಡಿದು ಕೂರಿಸಿದಳು. "ಬೇಡ ಅಣ್ಣ. ನಿನ್ ಹಡಗು ನೋಡು, ಹೋಗ್ತಿದಾವೆ."

ಹೋದವು. ನನ್ನವು ಮೊದಲು, ಆಮೇಲೆ ಕೋಟೆ. ಹಳದಿಗಳು ಗಂಟು ಬಿಡಿಸಿಕೊಂಡು, ಅವಸರವಿಲ್ಲದೆ, ಅವಳ ರಾಜಧಾನಿಯ ಸುತ್ತ ಉಂಗುರದಂತೆ ನಿಂತವು. ಆ ಗ್ರಹ ನೀಲಿಯಿಂದ ಬೂದಿ ಬಣ್ಣಕ್ಕೆ ಬರುವುದನ್ನು ಆಟದವರು ನಿಧಾನವಾಗಿ ತೋರಿಸುವಂತೆ ಮಾಡಿಟ್ಟಿದ್ದರು. ಯಾಕೆ ಹಾಗೆ ಮಾಡಿಟ್ಟರೋ. ಅವಳು ಕೊನೆಯವರೆಗೂ ಕೀಲಿ ಒತ್ತುತ್ತಲೇ ಇದ್ದಳು. ಒತ್ತಲು ಏನೂ ಉಳಿಯದ ಮೇಲೂ ಸ್ವಲ್ಪ ಹೊತ್ತು ಒತ್ತಿದಳು. ಆಮೇಲೆ ಅವಳ ಪರದೆ ಕಪ್ಪಾಗಿ, ನೀವು ಆಟದಿಂದ ಹೊರಗಿದ್ದೀರಿ ಎಂಬ ಸಾಲೊಂದು ಬಂತು.

"ಓಗ್ಲಿ ಬಿಡೇ," ಎಂದ ದೊಡ್ಡಣ್ಣ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. "ಕೆಳಗಿಂದ ಎಗ್ ಪಫ್ ತರಿಸ್ತೀನಿ, ತಿನ್ನು." ಬೇಕರಿಗೆ ಫೋನ್ ಮಾಡಿದ. ಬಂತು. ಅವಳು ಪೇಪರ್ ಬಿಚ್ಚಿ ಪೂರ್ತಿ ತಿಂದಳು, ಪುಡಿಯನ್ನು ಅಂಗೈಗೆ ಬಳಿದುಕೊಂಡು ಹೊರಗೆ ಕಾಗೆಗೆ ಹಾಕಿದಳು, ಕೆಳಗಿಳಿದು ಹೋದಳು. ಅವಳು ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ ಎಂದರೆ ಕಟ್ಟುಕತೆಯಂತೆ ಕೇಳಿಸುತ್ತದೆ. ಹತ್ತಿದಳು, ಹಪ್ಪಳ ಒಣಗಿಸಲು, ಬಟ್ಟೆ ತೆಗೆಯಲು. ರೂಮಿನ ಬಾಗಿಲ ಕಡೆ ತಿರುಗಲಿಲ್ಲ, ಅಷ್ಟೆ.

ಹಳದಿಗಳು ಮಾತಿಗೆ ತಪ್ಪಲಿಲ್ಲ. ಅವಳ ರಾಜಧಾನಿ ಮುಗಿಸಿ ಕಪ್ಪಿನೊಳಗೆ ಹೋದವು, ಮತ್ತೆ ಬರಲೇ ಇಲ್ಲ. ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ದೊಡ್ಡಣ್ಣನ ರಾಜಧಾನಿಯ ಸುತ್ತ ಉಂಗುರ ಕಟ್ಟುವುದನ್ನು ನೋಡಲು ನಾನು ವಾರವಾರವೂ ಕಾದೆ. ಬದಲಿಗೆ ಅವನು ಮದುವೆ ಮನೆಗೆ ಬಂದ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ. "ಮಿಸಿನ್ನು ಕಣ್ರೀ, ಬರೀ ಮಿಸಿನ್ನು. ಆದ್ರೂ ಮಾತು ಅಂದ್ರೆ ಮಾತು. ಈಗಿನ್ ಮನುಷ್ಯರಿಗೆ ಐತಾ ಅದು?" ಅವಳು ಹಸಿರು ಬಳೆ ತೊಟ್ಟು ಅಲ್ಲೇ ಕೂತಿದ್ದಳು. ತಲೆ ಬಗ್ಗಿಸಿದ ಮದುಮಗಳು, ಎಲ್ಲರೂ ನಾಚಿಕೆ ಎಂದುಕೊಂಡರು.

ಮದುವೆಯಾದ ಮೇಲೆ ಒಂದು ಭಾನುವಾರ ಗಂಡನ ಜೊತೆ ಬಂದಳು. ದೊಡ್ಡಣ್ಣ ಮೆಟ್ಟಿಲ ಬಳಿ ನಿಂತು ಕೂಗಿದ, "ಬಾರೇ ಮೇಲೆ, ನನ್ ಜಾಗ್ದಲ್ಲಿ ನೀನೇ ಆಡು, ಬಾ." ಅವನು ಮನಸಾರೆ ಕರೆದ, ಅದು ನನಗೆ ಗೊತ್ತು. ಅವಳು, "ಇರ್ಲಿ ದೊಡ್ಡಣ್ಣ, ಕೆಳಗೇ ಕೂತಿರ್ತೀವಿ," ಎಂದಳು. ದೊಡ್ಡಮ್ಮ ಕಾಫಿ ಕೊಟ್ಟರು. ಹೊರಡುವಾಗ ಕುಂಕುಮವಿಟ್ಟರು.

ನಾನು ಆ ಭಾನುವಾರದ ಆಟವನ್ನು ಉಳಿಸಿಕೊಂಡಿದ್ದೆ. ಕಂಪ್ಯೂಟರ್ ತಾನಾಗಿಯೇ ಆಗಾಗ ಉಳಿಸಿಡುತ್ತದೆ. ಹಳದಿಗಳು ಮೂಡುವ ಸ್ವಲ್ಪ ಮೊದಲಿನದು ಸಿಕ್ಕಿತು. ಆರ್.ಟಿ. ನಗರದ ಆಫೀಸಿಗೆ ರಜೆ ಇದ್ದ ದಿನಗಳಲ್ಲಿ ಒಬ್ಬನೇ ಮೇಲೆ ಕೂತು, ಅವಳ ಜಾಗದಲ್ಲೂ ನಾನೇ, ದೊಡ್ಡಣ್ಣನ ಜಾಗದಲ್ಲೂ ನಾನೇ ಆಗಿ, ಅದನ್ನು ಮತ್ತೆ ಮತ್ತೆ ಆಡಿದೆ. ಇದು ಹುಚ್ಚು ಎಂದು ಆಮೇಲೆ ನನ್ನನ್ನು ಮದುವೆಯಾಗಿ ಬಂದ ಹೆಂಡತಿ ಹೇಳಿದಳು; ಇರಬಹುದು. ತಂಗಿ ಕೇಳಿದ ತಕ್ಷಣ ಪಡೆ ಕಳಿಸಿದರೆ ರಾಜಧಾನಿ ಉಳಿಯುತ್ತಿತ್ತು. ತಡವಾಗಿ, ಅವಳು "ಈಗ ಬಂದ್ರೂ ಸಾಕು" ಎಂದಾಗ ಕಳಿಸಿದರೂ ಬಹುತೇಕ ಸಲ ಉಳಿಯುತ್ತಿತ್ತು. ಹಡಗುಗಳು ತುಂಬಾ ಹೋಗುತ್ತಿದ್ದವು, ದೊಡ್ಡಣ್ಣ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಒಂದು ಸಲ ಸಂದೇಶಕ್ಕೆ ಒಪ್ಪಿದೆ ಎಂದು ಒತ್ತಿ, ಒತ್ತಿದ ಮೇಲೆ ಮಾತು ಮುರಿದು ಪಡೆ ನುಗ್ಗಿಸಿ ನೋಡಿದೆ. ಏನೂ ಆಗಲಿಲ್ಲ. ಶಿಕ್ಷೆಯಿಲ್ಲ, ಬೈಗುಳವಿಲ್ಲ, ಸೇಡಿಲ್ಲ. ಇನ್ನೊಂದು ಸಲ ಒಪ್ಪಿದೆ ಎಂದು ಒತ್ತಿ ಮಾತಿನಂತೆ ಸುಮ್ಮನೆ ಕೂತೆ. ಹಳದಿಗಳು ಅವಳನ್ನು ಮುಗಿಸಿ ನೇರವಾಗಿ ದೊಡ್ಡಣ್ಣನ ಕಡೆಗೇ ತಿರುಗಿದವು. ಮತ್ತೊಂದು ಸಲ ತಿರುಗಲಿಲ್ಲ. ಅವಕ್ಕೆ ಮಾತು ಎಂಬುದೇ ಇರಲಿಲ್ಲ. ಬರುತ್ತಿದ್ದವು, ಅಥವಾ ಬರುತ್ತಿರಲಿಲ್ಲ.

ಇದನ್ನು ದೊಡ್ಡಣ್ಣನಿಗೆ ತೋರಿಸಿದೆ. ಕುರ್ಚಿ ಎಳೆದು ಕೂರಿಸಿ, ಒಂದೊಂದನ್ನೂ ಆಡಿ ತೋರಿಸಿದೆ. ಅವನು ಪೂರ್ತಿ ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟು, "ಅವು ಎಂಗಾರಾ ಇರ್ಲಿ ಕಣೋ. ನಾವು ನಮ್ ಮಾತು ಉಳಿಸ್ಕೊಂಡ್ವಲ್ಲ," ಎಂದು ಎದ್ದುಹೋದ. ಆಮೇಲೆ ನಾನೂ ಆ ರೂಮಿಗೆ ಹೋಗುವುದು ಕಡಿಮೆಯಾಯಿತು. ಭಾವ ಬೈಕ್ ಮಾರಿ ಕಾರು ತಗೊಂಡ, ಭಾನುವಾರ ಬರುವುದು ಬಿಟ್ಟ. ನಕಾಶೆ ಮುಗಿಯಲಿಲ್ಲ. ಈಗ ಅಲ್ಲಿ ದೊಡ್ಡಣ್ಣ ಟೈಲ್ಸಿನ ಡಬ್ಬಗಳನ್ನು ಪೇರಿಸಿದ್ದಾನೆ.

2016ರಲ್ಲಿ ಒಂದು ಮಧ್ಯಾಹ್ನ ಹೆಸರಘಟ್ಟದ ಕಡೆ ಹೋದವನು ಬರುವಾಗ ಚಿಕ್ಕಬಾಣಾವರದಲ್ಲಿ ತಂಗಿಯ ಮನೆಗೆ ಹೋದೆ. ಬಾಗಿಲು ತೆಗೆದವರು ಅವಳ ಗಂಡ. "ಒಳಗಿದಾಳೆ, ಅವಳ ಯುದ್ಧ ನಡೀತಿದೆ," ಎಂದು ನಕ್ಕರು. ಮಗು ಮಲಗಿತ್ತು. ರೂಮಿನ ಕಿಟಕಿಯ ಪಕ್ಕ ಒಂದು ಲ್ಯಾಪ್‌ಟಾಪಿನ ಮುಂದೆ ಅವಳು ಕೂತಿದ್ದಳು, ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡು. ಪರದೆಯ ಮೇಲೆ ಅದೇ ಕಪ್ಪು, ಅದೇ ಗೆರೆಗಳು, ಅವಳ ಅದೇ ನೀಲಿ. ಆಟ ಹೊಸದು, ಆ ಆಟದ ಮುಂದಿನ ಅವತಾರ.

ನನಗೆ ಆದ ಸಂತೋಷ ಹೇಳಿ ಮುಗಿಸಲಾರೆ. ನಾನು ಅದೆಷ್ಟು ಸಲ ಅವಳ ರಾಜಧಾನಿಯನ್ನು ಉಳಿಸಿದೆ ಎಂದು ಒಂದೇ ಉಸಿರಿಗೆ ಹೇಳತೊಡಗಿದೆ. ಅವಳು ಕೇಳಿಸಿಕೊಂಡಳು.

"ನನ್ ಹಡಗನ್ನೂ ನೀನೇ ಓಡಿಸ್ದೆ. ದೊಡ್ಡಣ್ಣಂದೂ ನೀನೇ ಓಡಿಸ್ದೆ," ಎಂದಳು. "ಹಂಗಾದ್ರೆ ಯಾರು ಯಾರನ್ನ ಉಳಿಸ್ದಂಗಾಯ್ತು ಅಣ್ಣ?"

ಅವಳ ಗಂಡ ನಡುಮನೆಯಿಂದ ಕುರ್ಚಿಯೊಂದನ್ನು ತಂದು ಅವಳ ಹಿಂದೆ ಹಾಕಿ, ಕಾಫಿ ಇಡಲು ಹೋದರು. ಕೂತೆ. "ನಾನೂ ಸೇರ್ಕೊಳ್ಳಲಾ? ಮನೆಯಿಂದಾನೇ ಆಡ್ಬೋದಂತಲ್ಲ ಇದನ್ನ, ನೆಟ್‌ನಲ್ಲಿ," ಎಂದೆ.

"ಇದ್ರಲ್ಲಿ ಜೊತೆಗಾರರಿಲ್ಲ. ಶುರು ಮಾಡೋವಾಗ್ಲೇ ತೆಗೆ‍ದ್ಬಿಡ್ತೀನಿ."

"ಮತ್ತೆ ಆ ಶತ್ರುಗಳು?"

"ಅವು ಇದಾವೆ. ಇರೋದ್ರಲ್ಲೇ ದೊಡ್ಡವು."

ಅವು ಬಂದವು ಕೂಡ. ಈ ಆಟದಲ್ಲಿ ಅವುಗಳ ಬಣ್ಣ ಬೂದು. ಅಂಚಿನಲ್ಲಿ ಒಂದರ ಹಿಂದೊಂದು ಹುಟ್ಟತೊಡಗಿದಾಗ ನನ್ನ ಎಡಗೈ ಗಾಳಿಯಲ್ಲಿ ಎದ್ದಿತು. "ಎಡಗಡೆ ದಾರಿ," ಎಂದೆ, "ಎಡಗಡೆ ದಾರಿ ಮುಚ್ಚು."

"ಮಾತಾಡ್ಬೇಡ ಅಣ್ಣ. ಸುಮ್ನೆ ನೋಡು."

ನೋಡಿದೆ. ಅವಳು ಕೋಟೆಗೆ ಸಾಮಾನು ತುಂಬಿದಳು, ಸಣ್ಣ ಹಡಗುಗಳನ್ನು ಹಿಂದಕ್ಕೆಳೆದಳು, ಬಾಂಬಿನ ಹೊಲ ಹಾಸಿದಳು. ಎಲ್ಲ ಸರಿಯಾಗಿ ಮಾಡಿದಳು. ಬೂದು ಹಡಗುಗಳು ಸಿಕ್ಕಿಕೊಂಡವು, ಬೆನ್ನು ತೋರಿಸಿದವು. ಹಿಂದಿನಿಂದ ಬೀಳಲು ಯಾರೂ ಇರಲಿಲ್ಲ. ಕೋಟೆ ಹೋಯಿತು. ರಾಜಧಾನಿ ಹೋಯಿತು. ಪರದೆ ಕಪ್ಪಾಯಿತು. ಅವಳು ಒಂದು ಕ್ಷಣವೂ ಅದನ್ನು ನೋಡುತ್ತ ಕೂರದೆ, ಹೊಸ ಆಟ ಎಂಬುದರ ಮೇಲೆ ಒತ್ತಿದಳು.

"ಹಿಂಗೇ ಸೋಲ್ತಿದ್ರೆ ಬೇಜಾರಾಗಲ್ವೇನೇ?" ಎಂದೆ.

"ಗೆಲ್ತೀನಿ ಒಂದೊಂದ್ಸಲ," ಎಂದಳು ಅವಳು, ಹೊಸ ನಕಾಶೆ ತೆರೆದುಕೊಳ್ಳುವುದನ್ನು ನೋಡುತ್ತ. "ಸೋತ್ರೆ ಸೋತೆ. ಯಾರನ್ನೂ ಕರೀಬೇಕಾಗಿಲ್ವಲ್ಲ ಅಣ್ಣ."